ಮೋಟಾರು ಶರ್ಯತ್ತಿನ ಚಿತ್ರಪಟ: ಮಕ್ಕಳಿಗೆ ತಕ್ಕುದೇ?

ಮಕ್ಕಳ ಕೈಗೆ ಯಾವ ಪುಸ್ತಕವನ್ನು ಕೊಡಬೇಕೆಂಬ ವಿಷಯವಾಗಿ ನಮ್ಮ ಶಿಕ್ಷಕರಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಯಾವ ಚಿತ್ರಪಟವನ್ನು ತೋರಿಸಬೇಕೆಂಬ ವಿಷಯವಾಗಿ ಅಷ್ಟು ನಡೆದಿಲ್ಲ. ಸೊಲ್ಲಾಪುರ, ಅಕ್ಕಲಕೋಟಗಳ ಕನ್ನಡ ಶಾಲೆಯ ಮಗುವಿನ ಸ್ಥಿತಿಯಂತೂ ವಿಶೇಷವಾದದ್ದು. ಅದು ಪಾಠವನ್ನು ಕನ್ನಡದಲ್ಲಿ ಕಲಿಯುತ್ತದೆ, ಪೇಟೆಯಲ್ಲಿ ಮರಾಠಿಯನ್ನಾಡುತ್ತದೆ, ಚಿತ್ರಪಟವನ್ನು ಹೆಚ್ಚಾಗಿ ಹಿಂದಿಯಲ್ಲಿ ನೋಡುತ್ತದೆ. ನೋಡಿದ್ದನ್ನು ಕುರಿತು ಹಿರಿಯರೊಡನೆ ಕುಳಿತು ಮಾತನಾಡುವ ಪ್ರಸಂಗ ಮಾತ್ರ ಯಾವ ಭಾಷೆಯಲ್ಲಿಯೂ ಅದಕ್ಕೆ ಒದಗುವದು ವಿರಳ. ಆದುದರಿಂದ ಚಿತ್ರಪಟದ ವಿಮರ್ಶೆಯೂ ಶಿಕ್ಷಕರ ಕೆಲಸದಲ್ಲೊಂದು ಎಂದು ನಾವು ಭಾವಿಸುತ್ತೇವೆ. ಮಕ್ಕಳ ಚಿತ್ರಗಳಿಗಾಗಿಯೇ 1955ರಲ್ಲಿ ಹುಟ್ಟಿದ ಕೇಂದ್ರದ ಬಾಲ ಚಲಚ್ಚಿತ್ರ ಸಂಸ್ಥೆಯನ್ನು 2022ರಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಳಿಸಲಾಯಿತು. ಪ್ರತ್ಯೇಕ ಸಂಸ್ಥೆಯೊಂದು ಇಲ್ಲವಾದ ಮೇಲೆ ಆಯ್ಕೆಯ ಭಾರವು ಮತ್ತಷ್ಟು ಶಾಲೆಯ ಮೇಲೆಯೇ ಬಿದ್ದಿದೆ.

ಪ್ರಸ್ತುತ ಲೇಖನದಲ್ಲಿ ಒಂದು ಚಿತ್ರಪಟವನ್ನು ತೆಗೆದುಕೊಂಡು ಪರೀಕ್ಷಿಸಲು ಯತ್ನಿಸಿದ್ದೇವೆ. ಅದು 2007ರ ಏಪ್ರಿಲ್ ತಿಂಗಳಲ್ಲಿ ತೆರೆಗೆ ಬಂದ 'ತಾ ರಾ ರಮ್ ಪಮ್' ಎಂಬ ಹಿಂದಿ ಚಿತ್ರ. ಯಶ್ ರಾಜ್ ಸಂಸ್ಥೆಯವರು ನಿರ್ಮಿಸಿದ ಇದನ್ನು ಸಿದ್ಧಾರ್ಥ ಆನಂದರು ನಿರ್ದೇಶಿಸಿದ್ದಾರೆ. ಸೈಫ್ ಅಲಿ ಖಾನ್ ಮತ್ತು ರಾಣಿ ಮುಖರ್ಜಿಯವರು ಮುಖ್ಯ ಪಾತ್ರಗಳನ್ನು ವಹಿಸಿದ್ದಾರೆ. ಮೋಟಾರು ಶರ್ಯತ್ತನ್ನು ಕಥೆಯ ನಡುವೆ ಇಟ್ಟುಕೊಂಡ ಹಿಂದಿ ಚಿತ್ರಗಳೇ ಕಡಿಮೆ. ಅವುಗಳಲ್ಲಿ ಇದರೊಳಗೆ ಇಬ್ಬರು ಮಕ್ಕಳಿಗೆ ಮುಖ್ಯ ಪಾತ್ರಗಳಿವೆ. ಬಣ್ಣದ ಕರಡಿಗಳು ಕುಣಿಯುವ ಹಾಡೊಂದಿದೆ. ಇವೆರಡರ ಬಲದ ಮೇಲೆ ಪಾಲಕರು ಇದನ್ನು ಮಕ್ಕಳ ಚಿತ್ರವೆಂದೇ ಎಣಿಸಿ ಮನೆಯಲ್ಲಿ ಹಚ್ಚಿಕೊಡುತ್ತಾರೆ. ಹೀಗೆ ಪರೀಕ್ಷೆಯಿಲ್ಲದೆ ಒಳಗೆ ಬರುವ ಚಿತ್ರವನ್ನೇ ಮೊದಲು ಪರೀಕ್ಷಿಸುವದು ಯುಕ್ತ.

ಸರಕಾರದ ಪ್ರಮಾಣಪತ್ರವಿರುವಾಗ ನಮ್ಮ ಪರೀಕ್ಷೆಯೇಕೆ ಎಂದು ಕೆಲವರು ಕೇಳಬಹುದು. 1952ರ ಚಲಚ್ಚಿತ್ರ ಕಾಯದೆಯ ಮೇರೆಗೆ ಮೊದಲು 'ಯು' ಮತ್ತು 'ಎ' ಎಂಬ ಎರಡೇ ವರ್ಗಗಳಿದ್ದವು. 1983ರಲ್ಲಿ 'ಯು/ಎ' ಮತ್ತು 'ಎಸ್' ಎಂಬವು ಸೇರಿದವು. 2023ರ ತಿದ್ದುಪಡಿಯಿಂದ ಪಾಲಕರ ಮಾರ್ಗದರ್ಶನದ ವರ್ಗವನ್ನು 7, 13, 16 ವರ್ಷಗಳ ಮೇಲಿನವರಿಗೆಂದು ಮೂರಾಗಿ ಒಡೆದರು. ಈ ಕ್ರಮವು ಉಪಯುಕ್ತವೇ. ಆದರೆ ಅದು ಯಾವ ವಯಸ್ಸಿನವರು ನೋಡಬಹುದೆಂದು ಹೇಳುತ್ತದೆಯೇ ಹೊರತು, ನೋಡಿ ಎದ್ದ ಮಗು ಏನನ್ನು ನಂಬಿಕೊಂಡು ಹೋಗುತ್ತದೆಂಬದನ್ನು ಹೇಳುವದಿಲ್ಲ. ಅದನ್ನು ತಿಳಿಯಲು ನಾವು ಮೂರು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇವೆ. ತೆರೆಯ ಮೇಲಿನ ಅಪಘಾತವನ್ನು ಮಗು ತಾಳಿಕೊಳ್ಳಬಲ್ಲದೆ ಎಂಬದು ಮೊದಲನೆಯದು. ವೇಗದ ಬೆಲೆಯನ್ನು ಯಾರು ತೆರುತ್ತಾರೆಂಬದನ್ನು ಚಿತ್ರವು ಸತ್ಯವಾಗಿ ಹೇಳಿದೆಯೆ ಎಂಬದು ಎರಡನೆಯದು. ಕಥೆಯೊಳಗಿನ ಮಕ್ಕಳನ್ನು ಬುದ್ಧಿಯುಳ್ಳ ಜೀವಿಗಳೆಂದು ನಡೆಸಿಕೊಂಡಿದೆಯೆ ಎಂಬದು ಮೂರನೆಯದು. ಸಾಮಾನ್ಯವಾಗಿ ನಮ್ಮವರು ಮೊದಲನೆಯದನ್ನು ಮಾತ್ರ ಕೇಳಿ ನಿಲ್ಲುತ್ತಾರೆ. ಈ ಚಿತ್ರದ ನಿಜವಾದ ದೋಷವಿರುವದು ಮೂರನೆಯದರಲ್ಲಿ ಎಂಬದು ನಮ್ಮ ವಾದ.

ಕಥೆಯನ್ನು ಸಂಕ್ಷೇಪವಾಗಿ ಹೇಳಬೇಕಾಗುತ್ತದೆ. ಅಮೇರಿಕೆಯ ನ್ಯೂಯಾರ್ಕಿನಲ್ಲಿರುವ ರಾಜವೀರನು ಶರ್ಯತ್ತಿನ ಗಾಡಿಗಳ ಗಾಲಿ ಬದಲಿಸುವ ತಂಡದ ಒಬ್ಬ ಆಳು. ಅವನ ಕೈಚಳಕವನ್ನು ಕಂಡ ವ್ಯವಸ್ಥಾಪಕನೊಬ್ಬ ಅವನನ್ನು ಚಾಲಕನನ್ನಾಗಿ ಮಾಡುತ್ತಾನೆ. ಅವನು ಗೆಲ್ಲುತ್ತಾನೆ, ಪಿಯಾನೋ ಕಲಿಯುತ್ತಿದ್ದ ರಾಧಿಕೆಯನ್ನು ಮದುವೆಯಾಗುತ್ತಾನೆ, ಪ್ರಿಯಾ ಎಂಬ ಮಗಳು, ರಣವೀರನೆಂಬ ಮಗ ಹುಟ್ಟುತ್ತಾರೆ. ದೊಡ್ಡ ಮನೆ, ಬೆಲೆಬಾಳುವ ಸಾಮಾನು ಎಲ್ಲವೂ ಕೂಡುತ್ತದೆ. ಆದರೆ ಅದೆಲ್ಲ ಸಾಲದ ಕಂತಿನ ಮೇಲೆ ನಿಂತಿದೆ. ಪ್ರತಿಸ್ಪರ್ಧಿಯೊಬ್ಬನು ಬೇಕೆಂದು ಮಾಡಿದ ಡಿಕ್ಕಿಯಿಂದ ರಾಜವೀರನು ಆಸ್ಪತ್ರೆ ಸೇರುತ್ತಾನೆ. ಎದ್ದು ಬಂದ ಮೇಲೆ ವೇಗವೆಂದರೆ ಅವನಿಗೆ ಭಯ. ಸೋಲು, ಕೆಲಸದ ನಷ್ಟ, ಮನೆಯ ನಷ್ಟ ಇವು ಒಂದರ ಬೆನ್ನಿಗೊಂದು ಬರುತ್ತವೆ. ಬಡವರ ಓಣಿಗೆ ಬಂದ ತಂದೆತಾಯಿಗಳು ಮಕ್ಕಳಿಗೆ ನಿಜವನ್ನು ಹೇಳದೆ, ನಾವು ಟಿ.ವಿ.ಯ ಒಂದು ಸ್ಪರ್ಧೆಯಲ್ಲಿದ್ದೇವೆ, ಹೀಗೆ ಬಡತನದಲ್ಲಿ ಇದ್ದು ತೋರಿಸಿದರೆ ಬಹುಮಾನವಿದೆ ಎಂದು ನಂಬಿಸುತ್ತಾರೆ. ಮಕ್ಕಳಿಗೆ ಕೊನೆಗೂ ನಿಜ ತಿಳಿಯುತ್ತದೆ. ಅವರು ತಂದೆತಾಯಿಗಳಿಗೆ ಹೇಳದೆ ಹಣ ಉಳಿಸಲು ಊಟ ಬಿಡುತ್ತಾರೆ. ಹಸಿದ ಹುಡುಗನು ಕಸದ ಡಬ್ಬಿಯೊಳಗಿನ ಅನ್ನಕ್ಕೆ ಕೈ ಹಾಕಿ ಗಾಜಿನ ಚೂರುಗಳನ್ನು ನುಂಗುತ್ತಾನೆ. ಶಸ್ತ್ರಚಿಕಿತ್ಸೆಯ ಹಣಕ್ಕಾಗಿ ತಂದೆಯು ಭಯವನ್ನು ಮೆಟ್ಟಿ ಮತ್ತೆ ಶರ್ಯತ್ತಿಗಿಳಿಯುತ್ತಾನೆ, ಗೆಲ್ಲುತ್ತಾನೆ, ಕಳೆದದ್ದೆಲ್ಲ ಮರಳುತ್ತದೆ.

ಮೊದಲನೆಯ ಪ್ರಶ್ನೆಯನ್ನು ಎತ್ತಿಕೊಳ್ಳೋಣ. ಡಿಕ್ಕಿಯ ದೃಶ್ಯವಿದೆಯೆಂಬ ಒಂದೇ ಕಾರಣಕ್ಕೆ ಚಿತ್ರವನ್ನು ಬಹಿಷ್ಕರಿಸಬೇಕೆಂಬ ಪಕ್ಷವು ನಮಗೆ ಒಪ್ಪಿಗೆಯಿಲ್ಲ. ನಮ್ಮ ಕಡೆಯ ಹಳ್ಳಿಯ ಹುಡುಗನಿಗೆ ಶರ್ಯತ್ತು ಹೊಸದಲ್ಲ. ಎತ್ತಿನ ಬಂಡಿ ಶರ್ಯತ್ತುಗಳನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ನಿಲ್ಲಿಸಿದ್ದನ್ನೂ, 2021ರ ಡಿಸೆಂಬರಿನಲ್ಲಿ ಮಹಾರಾಷ್ಟ್ರಕ್ಕೆ ಮತ್ತೆ ಅನುಮತಿ ಕೊಟ್ಟದ್ದನ್ನೂ, 2023ರ ಮೇ ತಿಂಗಳಲ್ಲಿ ರಾಜ್ಯದ ಕಾನೂನನ್ನು ಎತ್ತಿಹಿಡಿದದ್ದನ್ನೂ ನಮ್ಮ ಹಳ್ಳಿಗಳು ಆಸಕ್ತಿಯಿಂದ ಗಮನಿಸಿವೆ. ಬಂಡಿಯು ಮಗುಚಬಹುದು, ಎತ್ತು ಬೆದರಬಹುದು ಎಂಬದು ಇಲ್ಲಿಯ ಮಗುವಿಗೆ ಗೊತ್ತು. ಹತ್ತು ವರ್ಷ ದಾಟಿದ ಮಗು ಈ ಚಿತ್ರದ ಡಿಕ್ಕಿಯನ್ನು ತಾಳಿಕೊಳ್ಳಬಲ್ಲದು. ಅದಕ್ಕಿಂತ ಚಿಕ್ಕ ಮಕ್ಕಳನ್ನು ನಿಜವಾಗಿ ಕಾಡುವದು ಗಾಜು ನುಂಗಿದ ಹುಡುಗನ ದೃಶ್ಯ. ಏಕೆಂದರೆ ಗಾಡಿಯಲ್ಲಿರುವವನು ಪರಕೀಯ, ಹಸಿದವನು ತನ್ನ ವಾರಿಗೆಯವನು.

ಎರಡನೆಯ ಪ್ರಶ್ನೆಗೆ ಬಂದರೆ, ಇಲ್ಲಿ ಚಿತ್ರಕ್ಕೆ ಸ್ವಲ್ಪ ಮೆಚ್ಚಿಕೆಯೂ ಸ್ವಲ್ಪ ಆಕ್ಷೇಪವೂ ಸಲ್ಲಬೇಕು. ನಾಯಕನೆಂಬವನು ಹೆದರಬಾರದೆಂಬ ನಮ್ಮ ಚಿತ್ರಗಳ ರೂಢಿಯನ್ನು ಮುರಿದು, ಅಪಘಾತದ ನಂತರ ನಡುಗುವ ನಾಯಕನನ್ನು ಇದು ತೋರಿಸಿದೆ. ಇದು ಒಳ್ಳೆಯದು. ಆದರೆ ಆ ಭಯವನ್ನು ಗುಣವಾಗಬೇಕಾದ ರೋಗವೆಂದೇ ಚಿತ್ರವು ತಿಳಿದಿದೆ. ನಿಜವಾದ ಶರ್ಯತ್ತಿನ ಚರಿತ್ರೆಯು ಬೇರೆ ಪಾಠವನ್ನು ಹೇಳುತ್ತದೆ. 1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ ಎಂಬಲ್ಲಿ ಒಂದು ಗಾಡಿಯು ಸಿಡಿದು ಪ್ರೇಕ್ಷಕರ ಮೇಲೆ ಬಿದ್ದಾಗ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಸ್ವಿಟ್ಜರ್ಲೆಂಡ್ ದೇಶವು ತನ್ನ ನೆಲದಲ್ಲಿ ಅಂಥ ಮೋಟಾರು ಶರ್ಯತ್ತನ್ನೇ ನಿಷೇಧಿಸಿತು. ಅಂದರೆ ಬೆಲೆ ತೆರುವವನು ಯಾವಾಗಲೂ ಚಾಲಕನೇ ಅಲ್ಲ. 1976ರ ಆಗಸ್ಟ್ 1ರಂದು ಆಸ್ಟ್ರಿಯಾದ ನಿಕಿ ಲೌಡಾ ಎಂಬ ಚಾಲಕನು ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಮಾರ್ಗದಲ್ಲಿ ಉರಿಯುವ ಗಾಡಿಯೊಳಗೆ ಸಿಕ್ಕಿ ಸುಟ್ಟುಕೊಂಡನು. ಆರು ವಾರಗಳಲ್ಲಿ ಮತ್ತೆ ಗಾಡಿ ಹತ್ತಿದನು. ಅದೇ ಅಕ್ಟೋಬರ್ 24ರಂದು ಜಪಾನಿನ ಫುಜಿಯಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಮಳೆಯು ಹುಚ್ಚಾಗಿ ಸುರಿಯುತ್ತಿರಲು, ಜೀವಕ್ಕೆ ಅಪಾಯವೆಂದು ತಾನಾಗಿ ಗಾಡಿಯನ್ನು ನಿಲ್ಲಿಸಿದನು. ಒಂದೇ ಅಂಕದಿಂದ ಜಗತ್ಪ್ರಶಸ್ತಿಯು ಜೇಮ್ಸ್ ಹಂಟನ ಪಾಲಾಯಿತು. ಮರುವರ್ಷ ಲೌಡಾ ಆ ಪ್ರಶಸ್ತಿಯನ್ನು ಪುನಃ ಗಳಿಸಿದನು. ಈ ಕಥೆಯನ್ನು ಹೇಳುವ 'ರಶ್' ಎಂಬ 2013ರ ಆಂಗ್ಲ ಚಿತ್ರವು ವಯಸ್ಕರಿಗಾಗಿ ಮಾಡಿದ್ದು, ಶಾಲೆಯಲ್ಲಿ ತೋರಿಸತಕ್ಕದ್ದಲ್ಲ. ಆದರೆ ಕಥೆಯನ್ನು ಶಿಕ್ಷಕರು ಬಾಯಿಂದ ಹೇಳಲು ಏನೂ ಅಡ್ಡಿಯಿಲ್ಲ. ಮುಂದೊತ್ತುವ ಧೈರ್ಯವನ್ನು ಮಾತ್ರ ಬಲ್ಲ ರಾಜವೀರನ ಪಕ್ಕದಲ್ಲಿ, ನಿಲ್ಲಿಸುವ ಧೈರ್ಯವಿದ್ದ ಲೌಡಾನನ್ನು ಮಗು ಇಟ್ಟು ನೋಡಬೇಕು.

ಶರ್ಯತ್ತಿನ ಕಟ್ಟೊಳಗಿನ ವೇಗಕ್ಕೂ ಊರ ರಸ್ತೆಯ ವೇಗಕ್ಕೂ ಇರುವ ಅಂತರವನ್ನು ಈ ಚಿತ್ರವು ಎಲ್ಲಿಯೂ ವಿವರಿಸುವದಿಲ್ಲ. ಅದನ್ನು ವಿವರಿಸುವದು ಗಣಿತದ ಶಿಕ್ಷಕರಿಗೆ ಸುಲಭ. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಸುಮಾರು 40 ಕಿಲೋಮೀಟರು. ತಾಸಿಗೆ 60 ಕಿಲೋಮೀಟರಿನಂತೆ ಹೋದರೆ 40 ನಿಮಿಷ. 80ರಂತೆ ಹೋದರೆ 30 ನಿಮಿಷ. ಉಳಿದದ್ದು ಹತ್ತು ನಿಮಿಷ. ಆದರೆ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವದರಿಂದ ಡಿಕ್ಕಿಯ ಆಘಾತಶಕ್ತಿಯು ಸುಮಾರು 1.8 ಪಟ್ಟು ಆಗುತ್ತದೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಯಾತ್ರಿಕರ ವಾಹನಗಳು ತುಂಬಿದ ಆ ರಸ್ತೆಯ ಬದಿಯಲ್ಲಿಯೇ ನಮ್ಮ ಶಾಲೆಯ ಮಕ್ಕಳು ನಡೆದು ಹೋಗುತ್ತಾರೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯದೆಯಲ್ಲಿ ಸೇರಿದ 199-ಎ ಕಲಮಿನ ಪ್ರಕಾರ, ಅಪ್ರಾಪ್ತ ವಯಸ್ಸಿನವನು ವಾಹನ ನಡೆಯಿಸಿ ಅಪರಾಧವೆಸಗಿದರೆ ಪಾಲಕನಾಗಲಿ ವಾಹನದ ಮಾಲಕನಾಗಲಿ 25,000 ರೂಪಾಯಿ ದಂಡಕ್ಕೂ ಮೂರು ವರ್ಷಗಳವರೆಗಿನ ಸೆರೆವಾಸಕ್ಕೂ ಗುರಿಯಾಗಬಹುದು. ಆ ಹುಡುಗನಿಗೆ 25 ವರ್ಷ ತುಂಬುವ ತನಕ ಪರವಾನಿಗೆ ಸಿಗದು. ಇದನ್ನು ಮಕ್ಕಳಿಗಿಂತ ಮೊದಲು ಪಾಲಕರ ಸಭೆಯಲ್ಲಿ ಹೇಳುವದು ಒಳ್ಳೆಯದು.

ಇನ್ನು ಮೂರನೆಯ ಪ್ರಶ್ನೆ. ತಂದೆತಾಯಿಗಳು ಹೇಳಿದ ಸುಳ್ಳನ್ನು ಚಿತ್ರವು ಪ್ರೀತಿಯ ಲಕ್ಷಣವೆಂದು ಬಣ್ಣಿಸಿದೆ; ಹಾಡನ್ನೂ ನಗೆಯನ್ನೂ ಅದರ ಸುತ್ತ ಪೋಣಿಸಿದೆ. ಇಂಥ ಕಲ್ಪನೆಗೆ ಉತ್ತಮವಾದ ಪೂರ್ವೋದಾಹರಣೆಯಿದೆಯೆಂದು ಚಿತ್ರವನ್ನು ಸಮರ್ಥಿಸುವವರು ಹೇಳಬಹುದು. 1997ರಲ್ಲಿ ರೊಬೆರ್ತೊ ಬೆನಿನ್ಯಿ ಎಂಬವರು ಮಾಡಿದ ಇಟಲಿಯ ಚಿತ್ರದಲ್ಲಿ, ನಾಜಿಗಳ ಸೆರೆಶಿಬಿರದೊಳಗೆ ಸಿಕ್ಕ ತಂದೆಯೊಬ್ಬನು ಇದೆಲ್ಲ ಒಂದು ಆಟವೆಂದು ಮಗನನ್ನು ನಂಬಿಸುತ್ತಾನೆ. ಆದರೆ ಆ ಎರಡು ಸುಳ್ಳುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವದು ಸರಿಯಲ್ಲ. ಅಲ್ಲಿ ಮಗುವು ಅಡಗಿರದಿದ್ದರೆ ಸಾಯುತ್ತದೆ. ಆಟವೆಂದು ನಂಬಿದ್ದರಿಂದಲೇ ಅದು ಅಡಗಿರುತ್ತದೆ. ಸುಳ್ಳಿನ ಬೆಲೆಯನ್ನು ತಂದೆಯು ತನ್ನ ಪ್ರಾಣದಿಂದ ತೆರುತ್ತಾನೆ. ಇಲ್ಲಿ ಮಕ್ಕಳಿಗೆ ನಿಜ ತಿಳಿದರೆ ಬರುವ ಅಪಾಯವೇನು? ಏನೂ ಇಲ್ಲ. ಸಾಲ ಮಾಡಿ ಮೆರೆದ ತಂದೆಯು ಮಕ್ಕಳ ಕಣ್ಣಿನಲ್ಲಿ ಸಣ್ಣವನಾಗಬಹುದೆಂಬದಷ್ಟೇ ಭಯ. ಅಲ್ಲಿಯ ಸುಳ್ಳು ಮಗುವನ್ನು ಕಾಯಿತು. ಇಲ್ಲಿಯ ಸುಳ್ಳು ಹಿರಿಯರ ಮಾನವನ್ನು ಕಾಯಿತು, ಬೆಲೆಯನ್ನು ಮಗುವಿನ ಹೊಟ್ಟೆಯು ತೆತ್ತಿತು.

ನಮ್ಮ ಊರಿನ ಅನುಭವವು ಈ ವಿಷಯದಲ್ಲಿ ಚಿತ್ರದ ಕರ್ತೃಗಳಿಗಿಂತ ಹೆಚ್ಚಿನದು. ಸೊಲ್ಲಾಪುರದ ಮೊದಲನೆಯ ನೂಲಿನ ಗಿರಣಿಯು 1877ರಲ್ಲಿ ಆರಂಭವಾಯಿತು. ಅದರ ಹಿಂದೆ ಹುಟ್ಟಿದ ದೊಡ್ಡ ಗಿರಣಿಗಳೂ ಕಾಲಾಂತರದಲ್ಲಿ ಒಂದೊಂದಾಗಿ ಮುಚ್ಚಿದವು. ಕನ್ನಡ, ತೆಲುಗು, ಮರಾಠಿ ಮನೆಗಳಲ್ಲಿ ತಂದೆಯ ಪಗಾರ ನಿಂತಿತು. ಎಷ್ಟೋ ಕಡೆ ತಾಯಿಯು ಬೀಡಿ ಕಟ್ಟಿ ಒಲೆ ಹೊತ್ತಿಸಿದಳು. ಅಲ್ಲಿಯ ಮಕ್ಕಳಿಗೆ ಇದು ಟಿ.ವಿ.ಯ ಸ್ಪರ್ಧೆಯೆಂದು ಹೇಳಬರುತ್ತಿತ್ತೆ? ಗಿರಣಿಯ ಭೋಂಗಾ ಕೂಗದ ಬೆಳಗು ಏನೆಂಬದು ಓಣಿಗೆಲ್ಲ ಗೊತ್ತು. ಎಲೆ ಕತ್ತರಿಸಿ, ಕಟ್ಟು ಎಣಿಸಿ ತಾಯಿಗೆ ಕೈಗೂಡಿಸಿದ ಮಕ್ಕಳಿಗೆ ಕಷ್ಟವು ಎಲ್ಲಿಂದ ಬಂತು, ಎಷ್ಟು ಬಂತು ಎಂಬ ಲೆಕ್ಕವು ತಿಳಿದಿತ್ತು. ಮಕ್ಕಳು ದುಡಿಯಬೇಕಾದದ್ದು ಹೆಮ್ಮೆಯ ಮಾತಲ್ಲ. ಆದರೆ ಮನೆಯ ಕಷ್ಟದಲ್ಲಿ ತಾನೂ ಒಬ್ಬ ಪಾಲುಗಾರನೆಂಬ ಮರ್ಯಾದೆಯನ್ನು ಆ ಬಡವರು ತಮ್ಮ ಮಕ್ಕಳಿಗೆ ಕೊಟ್ಟಿದ್ದರು. ನ್ಯೂಯಾರ್ಕಿನ ರಾಜವೀರನು ಕೊಡಲಿಲ್ಲ.

ವಿಚಿತ್ರವೆಂದರೆ ಚಿತ್ರದ ಕಥೆಯೇ ಈ ಮಾತಿಗೆ ಸಾಕ್ಷಿ ಹೇಳುತ್ತದೆ. ನಿಜ ತಿಳಿದ ಮಕ್ಕಳು ಅತ್ತು ಗೋಳಾಡುವದಿಲ್ಲ. ತಮ್ಮಿಂದಾದದ್ದನ್ನು ಮಾಡಲು ಹೊರಡುತ್ತಾರೆ. ಅಂದರೆ ಅವರು ನಿಜವನ್ನು ತಾಳಬಲ್ಲವರೇ ಆಗಿದ್ದರು. ಹಿರಿಯರೊಡನೆ ಬಾಯಿಬಿಟ್ಟು ಆಡಲು ಬರದಂತೆ ಮನೆಯಲ್ಲಿ ಸುಳ್ಳಿನ ಗೋಡೆ ಎದ್ದದ್ದರಿಂದ ಅವರ ತ್ಯಾಗವು ಗುಟ್ಟಾಯಿತು, ಗುಟ್ಟಾದದ್ದರಿಂದ ಅಪಾಯವಾಯಿತು. ಇಷ್ಟು ಸ್ಪಷ್ಟವಾಗಿ ಕಟ್ಟಿದ ಕಾರ್ಯಕಾರಣವನ್ನು ಲೇಖಕರು ಕೈಬಿಟ್ಟುಬಿಡುತ್ತಾರೆ. ತಂದೆಯು ಮಗನ ಹಾಸಿಗೆಯ ಬಳಿ ಕುಳಿತು, ನಿನಗೆ ಹೇಳಬೇಕಾಗಿತ್ತು ಎಂಬ ಮಾತಿಗೆ ತಕ್ಕ ತೂಕವನ್ನು ಕೊಡುವ ಮೊದಲೇ ಶರ್ಯತ್ತಿನ ಬಾವುಟ ಬೀಸುತ್ತದೆ. ಗೆಲವು ಬಂದು ಎಲ್ಲ ಲೆಕ್ಕವನ್ನೂ ತೀರಿಸುತ್ತದೆ. ಸಾಲದ ಪಾಠವೂ ಹೀಗೆಯೇ ಅಳಿಸಿಹೋಗುತ್ತದೆ. ಕಂತಿನ ಮೇಲೆ ಬದುಕಿದ್ದರಿಂದ ಮುಳುಗಿದ ಕುಟುಂಬವು ಒಂದೇ ಪಂದ್ಯದ ಗೆಲವಿನಿಂದ ಏಳಬಹುದೆಂದು ಮಗು ನಂಬಿದರೆ, ಮುಂದೆ ಅದು ಲಾಟರಿಯನ್ನೂ ಮೊಬೈಲಿನ ಪಣದಾಟವನ್ನೂ ಹೇಗೆ ನೋಡೀತೆಂಬದನ್ನು ವಾಚಕರೇ ಊಹಿಸಬಹುದು. ಡಿಕ್ಕಿಗಿಂತ ಈ ಗೆಲವೇ ಮಕ್ಕಳಿಗೆ ಹೆಚ್ಚು ಹಾನಿಕರವೆಂದು ನಾವು ಹೇಳುತ್ತೇವೆ.

ತುಲನೆಗಾಗಿ ಮಕ್ಕಳಿಗೆಂದೇ ಮಾಡಿದ ಇನ್ನೊಂದು ಮೋಟಾರು ಶರ್ಯತ್ತಿನ ಚಿತ್ರವನ್ನು ನೋಡಬೇಕು. ಜಾನ್ ಲ್ಯಾಸೆಟರ್ ನಿರ್ದೇಶಿಸಿದ, ಪಿಕ್ಸಾರ್ ಸಂಸ್ಥೆಯ 'ಕಾರ್ಸ್' 2006ರಲ್ಲಿ ಬಂದಿತು. ಅದರಲ್ಲಿ ಮನುಷ್ಯರೇ ಇಲ್ಲ, ಗಾಡಿಗಳೇ ಮಾತನಾಡುತ್ತವೆ. ಹೊಸ ಹೆದ್ದಾರಿಯು ಬದಿಯಿಂದ ಹಾದುಹೋದದ್ದರಿಂದ ಬರಿದಾದ ಒಂದು ಸಣ್ಣ ಊರಿನ ರಸ್ತೆಯನ್ನು, ಸೊಕ್ಕಿನ ಶರ್ಯತ್ತಿನ ಗಾಡಿಯೊಂದು ಕಿತ್ತುಹಾಕುತ್ತದೆ. ಊರವರು ಅದನ್ನು ಬಿಡುವದಿಲ್ಲ. ಕೆಡಿಸಿದ ರಸ್ತೆಯನ್ನು ನೀನೇ ಕಟ್ಟೆಂದು ತೀರ್ಪು ಕೊಡುತ್ತಾರೆ. ಅವಸರದಿಂದ ಒರಟಾಗಿ ಮಾಡಿದ ಕೆಲಸವನ್ನು ಕೆರೆದು ಮತ್ತೆ ಮಾಡಿಸುತ್ತಾರೆ. ಕೊನೆಯ ಪಂದ್ಯದಲ್ಲಿ ಗೆಲವು ಕೈಗೆ ಬಂದಿರುವಾಗ ಅದೇ ಗಾಡಿಯು ಗೆರೆಯ ಮುಂದೆ ನಿಂತು, ಹಿಂದಿರುಗಿ, ಪೆಟ್ಟು ತಿಂದು ಬಿದ್ದ ಹಿರಿಯ ಗಾಡಿಯನ್ನು ದೂಡಿಕೊಂಡು ಗೆರೆ ದಾಟಿಸುತ್ತದೆ. ಪ್ರಶಸ್ತಿಯು ಮೋಸಗಾರನಿಗೆ ಹೋಗುತ್ತದೆ. ವೇಗದಿಂದ ಪರರಿಗೆ ಆದ ಹಾನಿಯನ್ನು ವೇಗಿಯೇ ಬೆವರು ಸುರಿಸಿ ತುಂಬಿಕೊಡಬೇಕೆಂಬ ನೀತಿಯನ್ನು ಬೋಧೆಯ ವಾಸನೆಯಿಲ್ಲದೆ ಇದು ಹೇಳಿದೆ. ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿದ ಊರಿನವರಾದ ನಮಗೆ, ಲೋಕೋಪಯೋಗಿ ಕಾಯಕದಿಂದ ಸೊಕ್ಕು ಇಳಿಯುವ ಈ ಕಥೆಯು ಪರಕೀಯವೆನಿಸುವದಿಲ್ಲ. 1ರಿಂದ 4ನೆಯ ಇಯತ್ತೆಯ ಮಕ್ಕಳಿಗೆ ಮೋಟಾರು ಶರ್ಯತ್ತಿನ ಚಿತ್ರವನ್ನು ತೋರಿಸಲೇಬೇಕೆಂದಾದರೆ ಇದನ್ನೇ ತೋರಿಸತಕ್ಕದ್ದು.

ಹಾಗಾದರೆ 'ತಾ ರಾ ರಮ್ ಪಮ್'ನ್ನು ತೆಗೆದುಹಾಕಬೇಕೆ? ನಮ್ಮ ಉತ್ತರ: ಬೇಡ. 'ಕಾರ್ಸ್' ಚಿತ್ರದ ಗಾಡಿಗಳಿಗೆ ಹಸಿವಿಲ್ಲ, ಸಾಲವಿಲ್ಲ, ಶಾಲೆಯ ಫೀ ಇಲ್ಲ. ಈ ಹಿಂದಿ ಚಿತ್ರದಲ್ಲಿ ಅವೆಲ್ಲ ಇವೆ. ಮತ್ತು ಅವುಗಳ ವಿಷಯವಾಗಿ ನಮ್ಮ ಮಕ್ಕಳಿಗೆ ಹೇಳಲು ಬಹಳವಿದೆ. ದೋಷವಿರುವ ಕೃತಿಯು ಕೆಲವು ವೇಳೆ ನಿರ್ದೋಷವಾದದ್ದಕ್ಕಿಂತ ಒಳ್ಳೆಯ ಪಾಠವಾಗುತ್ತದೆ, ದೋಷವನ್ನು ಕಂಡುಹಿಡಿಯುವ ಕೆಲಸವನ್ನು ಮಕ್ಕಳಿಗೇ ಬಿಟ್ಟರೆ. ಆದುದರಿಂದ 5ನೆಯ ಇಯತ್ತೆಗಿಂತ ಕೆಳಗಿನವರಿಗೆ ಇದು ಸರ್ವಥಾ ಬೇಡ. 5 ಮತ್ತು 6ನೆಯ ಇಯತ್ತೆಯವರು ಪಾಲಕರ ಪಕ್ಕದಲ್ಲಿ ಕುಳಿತು ನೋಡಬಹುದು. 7ನೆಯ ಇಯತ್ತೆಯಿಂದ ಮೇಲೆ ಶಾಲೆಯಲ್ಲಿಯೇ ತೋರಿಸಿ ಚರ್ಚಿಸಬಹುದು.

ತೋರಿಸುವ ಕ್ರಮದ ಬಗ್ಗೆ ಎರಡು ಮಾತು. ಎರಡೂವರೆ ತಾಸಿನ ಚಿತ್ರವನ್ನು ಒಮ್ಮೆಲೇ ತೋರಿಸದೆ ಎರಡು ದಿನಕ್ಕೆ ಹಂಚಬೇಕು. ಕುಟುಂಬವು ಬಡವರ ಓಣಿಗೆ ಬಂದು ತಂದೆತಾಯಿಗಳು ಸುಳ್ಳು ಹೇಳುವಲ್ಲಿಗೆ ಮೊದಲನೆಯ ದಿನವನ್ನು ನಿಲ್ಲಿಸಬೇಕು. ಆಗ ಕನ್ನಡದಲ್ಲಿ, ಪಠ್ಯದ ಭಾಷೆಯಲ್ಲಲ್ಲ, ಮನೆಯಲ್ಲಿ ಆಡುವ ನಮ್ಮ ಕಡೆಯ ಮಾತಿನಲ್ಲಿಯೇ, ನೀವಾಗಿದ್ದರೆ ನಿಮ್ಮ ಅಪ್ಪ ಅವ್ವ ಏನು ಹೇಳಬೇಕಾಗಿತ್ತು ಎಂದು ಕೇಳಬೇಕು. ಮರುದಿನ ಉಳಿದ ಭಾಗ ಮುಗಿದ ಮೇಲೆ, ತಂದೆಯು ಕೊನೆಯ ಶರ್ಯತ್ತಿನಲ್ಲಿ ಸೋತಿದ್ದರೆ ಆ ಹುಡುಗನ ಗತಿಯೇನು ಎಂದು ಕೇಳಬೇಕು. ಈ ಎರಡನೆಯ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿಲ್ಲ. ಮಕ್ಕಳು ತಾವೇ ಹುಡುಕಬೇಕು. ನೆರೆಹೊರೆ, ಸರಕಾರಿ ಆಸ್ಪತ್ರೆ, ಶಾಲೆಯ ಗುರುಗಳು ಎಂಬ ಉತ್ತರಗಳು ಅವರ ಬಾಯಿಂದಲೇ ಬಂದರೆ ಪಾಠ ಸಾರ್ಥಕವಾಯಿತು.

ಶಿಕ್ಷಕರಾದ ನಮಗೂ ಅದರಲ್ಲಿ ಪಾಠವಿದೆ. ಆ ಹುಡುಗನು ಊಟ ಬಿಟ್ಟದ್ದು ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ಆರಂಭವಾದ ಕೇಂದ್ರದ ಮಧ್ಯಾಹ್ನದ ಊಟದ ಯೋಜನೆಯು ಎಂಟನೆಯ ಇಯತ್ತೆಯವರೆಗಿನ ಮಕ್ಕಳಿಗೆ ಒಂದು ತುತ್ತಿನ ಆಧಾರವನ್ನು ಕೊಟ್ಟಿದೆ. ಆದರೆ ತಟ್ಟೆಯ ಮುಂದೆ ಕುಳಿತು ಉಣ್ಣದ ಮಗುವನ್ನು ಯೋಜನೆಯು ಗುರುತಿಸುವದಿಲ್ಲ, ಗುರುತಿಸಬೇಕಾದವರು ನಾವು. ಮನೆಯಲ್ಲಿ ಏನೋ ನಡೆದಿದೆ ಎಂದು ತಿಳಿದು, ಮಗುವನ್ನು ಬದಿಗೆ ಕರೆದು, ನಿಜವನ್ನು ಕೇಳಿ, ನಿಜವನ್ನೇ ಹೇಳುವ ಹಿರಿಯರೊಬ್ಬರು ಈ ಚಿತ್ರದ ಕಥೆಯಲ್ಲಿದ್ದಿದ್ದರೆ ಆ ಹುಡುಗನು ಕಸದ ಡಬ್ಬಿಯ ತನಕ ಹೋಗುತ್ತಿರಲಿಲ್ಲ. ಗಡಿನಾಡಿನ ನಮ್ಮ ಶಾಲೆಗಳಲ್ಲಿ ಅಂಥ ಹಿರಿಯರ ಸ್ಥಾನವು ಬರಿದಾಗಿರಬಾರದೆಂದು ಬಿನ್ನವಿಸಿ ಈ ವಿವೇಚನೆಯನ್ನು ಮುಗಿಸುತ್ತೇವೆ.